ನೋವಿನ ಅಳತೆ

ಕನ್ನಡದಲ್ಲಿ ನೋವಿಗೆ ಹೆಸರುಗಳು ಹಲವು. ನೋವು, ಬೇನೆ, ಸಂಕಟ, ಯಾತನೆ, ವೇದನೆ. ಒಂದೊಂದಕ್ಕೂ ಒಂದೊಂದು ಛಾಯೆ. ಕಾಲಿಗೆ ಮುಳ್ಳು ಚುಚ್ಚಿದರೆ ನೋವು, ಹೆರುವವಳದು ಬೇನೆ, ಹೇಳಿಕೊಳ್ಳಲಾಗದ್ದು ಸಂಕಟ. ಇವುಗಳಲ್ಲಿ ‘ವೇದನೆ’ ಎಂಬ ಶಬ್ದ ನನ್ನನ್ನು ಬಹುಕಾಲದಿಂದ ಚಿಂತೆಗೆ ಹಚ್ಚಿದೆ. ಅದರ ಮೂಲಧಾತು ‘ವಿದ್’, ಎಂದರೆ ಅರಿಯುವುದು. ವೇದ, ವಿದ್ಯೆ, ವಿದ್ವಾಂಸ ಎಂಬ ಶಬ್ದಗಳೂ ಇದೇ ಧಾತುವಿನಿಂದ ಹುಟ್ಟಿದವು. ಹಾಗೆಂದರೆ ವೇದನೆಯೆಂಬುದು ಒಂದು ಬಗೆಯ ಅರಿವು. ಅನುಭವಿಸುವ ಜೀವ ತಾನೇ ನೇರವಾಗಿ ಅರಿಯುವ ಅರಿವು. ಅದನ್ನು ಪಕ್ಕದಲ್ಲಿ ನಿಂತವನು ಅರಿಯುವುದು ಹೇಗೆ?

ಮನುಷ್ಯರ ನಡುವೆ ಈ ಪ್ರಶ್ನೆಗೆ ಮಾತು ಒಂದು ಉತ್ತರ. ‘ನೋಯುತ್ತಿದೆ’ ಎಂದು ಒಬ್ಬ ಹೇಳಿದರೆ ಇನ್ನೊಬ್ಬ ನಂಬುತ್ತಾನೆ. ಮಾತಿಲ್ಲದ ಜೀವಕ್ಕೆ ಸಾಕ್ಷಿ ಯಾರು? ಪ್ರಾಣಿಗಳನ್ನು ನಾವು ‘ಮೂಕಪ್ರಾಣಿ’ ಎಂದು ಕರೆಯುತ್ತೇವೆ. ಕರುಣೆಯಿಂದ ಹುಟ್ಟಿದ ಮಾತು ಅದು. ಆದರೆ ಅದರಲ್ಲಿ ನಮಗೆ ಅನುಕೂಲವಾದ ಒಂದು ಸುಳ್ಳೂ ಸೇರಿಕೊಂಡಿದೆ. ಕತ್ತಿಯ ಬಾಯಿಗೆ ಸಿಕ್ಕ ಹಂದಿಮರಿ ಮೂಕವಲ್ಲ. ಅದರ ಚೀರಾಟ ಕೊಟ್ಟಿಗೆಯ ಗೋಡೆಗಳನ್ನು ದಾಟಿ ಬಹುದೂರ ಕೇಳಿಸುತ್ತದೆ. ಸಾವಿರಾರು ವರ್ಷ ಆ ಕೂಗನ್ನು ಕೇಳಿಯೂ ಅದನ್ನು ಸಾಕ್ಷಿಯೆಂದು ಮನುಷ್ಯ ಎಣಿಸಲಿಲ್ಲ. ಕೊನೆಗೆ ವಿಜ್ಞಾನ ಅದರ ರಕ್ತವನ್ನು ಪರೀಕ್ಷಿಸಿ ಅಂಕಿಗಳಲ್ಲಿ ಹೇಳಿದಾಗ ಮಾತ್ರ ಕಾನೂನು ಸ್ವಲ್ಪ ಅಲುಗಾಡಿತು. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಹಂದಿಮರಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಇನ್ನೊಬ್ಬರ ನೋವನ್ನು ಅರಿಯುವುದು ಹೇಗೆ ಎಂಬುದು ಸಾಹಿತ್ಯದ ಮೊದಲ ಪ್ರಶ್ನೆ. ಅದೇ ಪ್ರಶ್ನೆಯನ್ನು ವಿಜ್ಞಾನ ತನ್ನ ದಾರಿಯಲ್ಲಿ ಹೇಗೆ ಕೇಳಿತೆಂಬುದನ್ನು ತಿಳಿಯುವುದರಲ್ಲಿ ನನಗೆ ಆಸಕ್ತಿ.

ಹಂದಿ ನಮಗೆ ಪರಕೀಯ ಪ್ರಾಣಿಯಲ್ಲ. ಹಳಗನ್ನಡದ ‘ಪಂದಿ’ಯೇ ಇಂದಿನ ‘ಹಂದಿ’. ಕೊಡವ ಭಾಷೆಯಲ್ಲಿ ಆ ‘ಪ’ಕಾರ ಇನ್ನೂ ಉಳಿದಿದೆ. ಆದರೆ ನಾನು ಹೇಳಹೊರಟ ಕಥೆಯ ಬಹುಭಾಗ ನಡೆದದ್ದು ಯುರೋಪು ಅಮೆರಿಕಗಳಲ್ಲಿ, ಹಂದಿಯ ಮಾಂಸ ದಿನನಿತ್ಯದ ಆಹಾರವಾಗಿರುವ ನಾಡುಗಳಲ್ಲಿ.

ಆ ನಾಡುಗಳಲ್ಲಿ ಗಂಡುಹಂದಿಯ ಬೀಜ ತೆಗೆಯುವ ಪದ್ಧತಿ ಬಹಳ ಹಳೆಯದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ಅದರ ವಿವರಗಳಿವೆ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಕೃಷಿಯ ಮೇಲೆ ಗ್ರಂಥ ಬರೆದ ರೋಮಿನ ವಾರೋ, ಗಂಡುಹಂದಿಗೆ ಒಂದು ವರ್ಷ ತುಂಬಿದಾಗ ಬೀಜ ತೆಗೆಯುವುದು ಒಳ್ಳೆಯದು, ಆರು ತಿಂಗಳಿಗೆ ಮೊದಲಂತೂ ಕೂಡದು ಎನ್ನುತ್ತಾನೆ. ಆ ಕ್ರಿಯೆಯಾದ ಮೇಲೆ ಪ್ರಾಣಿಯ ಹೆಸರೇ ಬದಲಾಗುತ್ತದೆಂಬುದನ್ನೂ ಅವನು ಗುರುತಿಸಿದ್ದಾನೆ. ಅಲ್ಲಿಯವರೆಗೆ ‘ವೆರೆಸ್’ ಆಗಿದ್ದದ್ದು ಆಮೇಲೆ ‘ಮಯಾಲಿಸ್’. ಇಂದಿನ ಇಟಲಿಯ ಭಾಷೆಯಲ್ಲಿ ಹಂದಿಗೆ ರೂಢಿಯಲ್ಲಿರುವ ‘ಮಯಾಲೆ’ ಎಂಬ ಶಬ್ದ ಇದರಿಂದಲೇ ಬಂದದ್ದು. ಬೀಜ ತೆಗೆದ ಹಂದಿಯ ಹೆಸರೇ ಹಂದಿಯ ಹೆಸರಾಗಿಬಿಟ್ಟಿತು. ನಮ್ಮಲ್ಲಿಯೂ ಹೋರಿಯ ಬೀಜ ಒಡೆದ ಮೇಲೆ ಅದು ಎತ್ತಾಗುತ್ತದೆ. ಒಂದು ಜೀವದ ದೇಹವನ್ನು ನಮ್ಮ ಉಪಯೋಗಕ್ಕೆ ತಕ್ಕಂತೆ ತಿದ್ದಿ ಹೊಸ ಹೆಸರು ಕೊಟ್ಟುಬಿಟ್ಟರೆ, ತಿದ್ದಿದ ಗಳಿಗೆಯ ನೆನಪು ಭಾಷೆಯಲ್ಲಿ ಉಳಿಯುವುದಿಲ್ಲ.

ಕಾರಣ ಮೂರು. ಬೀಜವಿಲ್ಲದ ಹಂದಿ ಕೊಬ್ಬುತ್ತದೆ. ಹಿಂದಿನ ಕಾಲದಲ್ಲಿ ಕೊಬ್ಬಿಗೆ ಬೆಲೆಯಿತ್ತು. ಅದು ಜಗಳಗಂಟಿಯಾಗಿರುವುದಿಲ್ಲ. ಮೂರನೆಯದೂ ಮುಖ್ಯವಾದದ್ದೂ ವಾಸನೆ. ಪ್ರಾಯಕ್ಕೆ ಬಂದ ಗಂಡುಹಂದಿಯ ಮಾಂಸ ಬೇಯಿಸುವಾಗ ಮೂತ್ರದ, ಬೆವರಿನ ವಾಸನೆಯನ್ನು ಹೋಲುವ ಒಂದು ನಾತ ಬರುತ್ತದೆ. ಇದಕ್ಕೆ ಕಾರಣವಾದ ಆಂಡ್ರೊಸ್ಟಿನೋನ್ ಎಂಬ ವಸ್ತುವನ್ನು ಹಂದಿಯ ವೃಷಣದಿಂದ ೧೯೪೪ರಲ್ಲಿ ಬೇರ್ಪಡಿಸಿದವರು ಪ್ರೆಲೋಗ್ ಮತ್ತು ರುಝಿಚ್ಕ. ಮಾಂಸದ ನಾತಕ್ಕೆ ಅದೇ ಕಾರಣವೆಂದು ಗೊತ್ತಾದದ್ದು ೧೯೬೮ರಲ್ಲಿ. ಕರುಳಿನಲ್ಲಿ ಹುಟ್ಟುವ ಸ್ಕೇಟೋಲ್ ಎಂಬ ಇನ್ನೊಂದು ವಸ್ತುವೂ ಅದರ ಜೊತೆ ಸೇರುತ್ತದೆಂದು ೧೯೭೦ರಲ್ಲಿ ತಿಳಿಯಿತು. ಸ್ವಾರಸ್ಯವೆಂದರೆ, ಆಂಡ್ರೊಸ್ಟಿನೋನಿನ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಎಷ್ಟೋ ಜನರಿಗೆ ಅದು ಇರುವುದೇ ತಿಳಿಯದು. ಆದರೂ ಉಳಿದವರ ಮೂಗಿಗಾಗಿ ಯುರೋಪಿನ ಒಕ್ಕೂಟದಲ್ಲಿ ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು ೧೦ ಕೋಟಿ ಗಂಡುಮರಿಗಳ ಬೀಜ ತೆಗೆಯಲಾಗುತ್ತಿತ್ತು.

ವಾರೋ ಹೇಳಿದ್ದು ಒಂದು ವರ್ಷದ ಹಂದಿಯ ವಿಷಯ. ದೊಡ್ಡ ದೊಡ್ಡ ಸಾಕಣೆಕೇಂದ್ರಗಳು ಬಂದ ಮೇಲೆ ಆ ವಯಸ್ಸು ಹುಟ್ಟಿದ ಮೊದಲ ವಾರಕ್ಕೆ ಇಳಿಯಿತು. ಒಂದೆರಡು ಕಿಲೋ ತೂಕದ ಮರಿಯನ್ನು ಒಬ್ಬನೇ ಹಿಂಗಾಲು ಹಿಡಿದೆತ್ತಿ, ಚರ್ಮ ಸೀಳಿ, ವೃಷಣವನ್ನು ಹೊರಕ್ಕೆಳೆದು, ಅದರ ನಾಳವನ್ನು ಕತ್ತರಿಸಿ ಕೆಳಗಿಡುವುದು ಒಂದು ನಿಮಿಷದೊಳಗಿನ ಕೆಲಸ. ಅರಿವಳಿಕೆ ಇಲ್ಲ; ನೋವಿಗೆ ಮದ್ದಿಲ್ಲ. ಗಾಯ ಬೇಗ ಮಾಯುತ್ತದೆ. ಇದಕ್ಕೆ ಸಮರ್ಥನೆಯಾಗಿ ಒಂದು ಮಾತು ಹುಟ್ಟಿಕೊಂಡಿತು: ಎಳೆಯ ಮರಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ನರಮಂಡಲ ಇನ್ನೂ ಬಲಿತಿರುವುದಿಲ್ಲ ಎಂಬ ಮಾತು. ಕ್ರಮವನ್ನು ಗಮನಿಸಬೇಕು. ಮೊದಲು ಬಂದದ್ದು ಕೆಲಸದ ಅನುಕೂಲ. ನಂಬಿಕೆ ಅದರ ಬೆನ್ನಿಗೆ ಬಂತು.

ಆ ನಂಬಿಕೆಯ ಹಿಂದೆ ತತ್ವಶಾಸ್ತ್ರದ ನೆರಳೂ ಇತ್ತು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಡೆಕಾರ್ಟ್ ಪ್ರಾಣಿದೇಹವನ್ನು ಯಂತ್ರಕ್ಕೆ ಹೋಲಿಸಿದ. ಅವನ ಅನುಯಾಯಿಗಳಲ್ಲಿ ಕೆಲವರು ಆ ಹೋಲಿಕೆಯನ್ನು ಕೊನೆಯವರೆಗೂ ಎಳೆದು, ಪ್ರಾಣಿಯ ಕೂಗು ಯಂತ್ರದ ಸಪ್ಪಳಕ್ಕಿಂತ ಹೆಚ್ಚಿನದಲ್ಲವೆಂದರು. ೧೭೮೯ರಲ್ಲಿ ಇಂಗ್ಲೆಂಡಿನ ಬೆಂಥಮ್ ಇದಕ್ಕೆ ಎದುರಾಗಿ ನಿಂತು, ಮಾತಿನ ಶಕ್ತಿಯನ್ನೂ ತರ್ಕದ ಶಕ್ತಿಯನ್ನೂ ಬದಿಗಿಟ್ಟು, ನೋಯುವ ಶಕ್ತಿಯೊಂದನ್ನೇ ನೀತಿಯ ಒರೆಗಲ್ಲಾಗಿ ಮಾಡಿದ. ಆದರೆ ನೋಯುತ್ತಿದೆಯೆಂದು ತೋರಿಸುವುದು ಹೇಗೆ? ಬೆಂಥಮನ ಕಾಲದಲ್ಲಿ ಅದಕ್ಕೆ ಸಾಧನವಿರಲಿಲ್ಲ.

ಸಾಧನ ದೊರೆತ ದಾರಿ ವಿಚಿತ್ರವಾದದ್ದು. ಅದರ ಮೊದಲ ಹೆಜ್ಜೆಯೂ ಬೀಜ ತೆಗೆಯುವ ಕೆಲಸದಿಂದಲೇ ಆರಂಭವಾಯಿತು. ೧೮೪೯ರಲ್ಲಿ ಜರ್ಮನಿಯ ಗಟಿಂಗೆನ್ನಿನಲ್ಲಿ ಬೆರ್ಟೋಲ್ಡ್ ಎಂಬ ವೈದ್ಯಶಾಸ್ತ್ರಜ್ಞ ಕೆಲವು ಹುಂಜಗಳ ವೃಷಣಗಳನ್ನು ತೆಗೆದ. ಅವುಗಳ ಜುಟ್ಟು ಬಾಡಿತು, ಕೂಗು ಅಡಗಿತು, ಕಾಳಗದ ಹುಮ್ಮಸ್ಸು ಹೋಯಿತು. ಬೇರೆ ಕೆಲವದರಲ್ಲಿ ವೃಷಣವನ್ನು ಮೂಲಸ್ಥಾನದಿಂದ ಕಿತ್ತು ಹೊಟ್ಟೆಯೊಳಗೆ ನೆಟ್ಟ. ನರದ ಸಂಬಂಧ ಕಡಿದುಹೋಗಿದ್ದರೂ ಅವು ಹುಂಜಗಳಾಗಿಯೇ ಬೆಳೆದವು. ಹಾಗಿದ್ದರೆ ವೃಷಣ ತನ್ನ ಸಂದೇಶವನ್ನು ಕಳುಹಿಸುವುದು ನರದ ಮೂಲಕವಲ್ಲ, ರಕ್ತದ ಮೂಲಕ ಎಂದಾಯಿತು. ಇಂಥ ರಕ್ತವಾಹಿ ಸಂದೇಶಗಳಿಗೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾರ್ಮೋನು ಎಂಬ ಹೆಸರು ಬಂತು.

ಅನಂತರ ಅಮೆರಿಕದ ವಾಲ್ಟರ್ ಕ್ಯಾನನ್ ನೋವು, ಹಸಿವು, ಭಯ, ಕೋಪಗಳಲ್ಲಿ ದೇಹದೊಳಗೆ ಆಗುವ ಮಾರ್ಪಾಡುಗಳನ್ನು ಕುರಿತು ೧೯೧೫ರಲ್ಲಿ ಒಂದು ಗ್ರಂಥವನ್ನೇ ಬರೆದ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ತಮ್ಮ ರಸವನ್ನು ಸುರಿಯುತ್ತವೆ. ಎದೆ ಡವಗುಟ್ಟುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ; ಕಾದಾಡುವುದಕ್ಕೋ ಓಡಿಹೋಗುವುದಕ್ಕೋ ದೇಹ ಸಿದ್ಧವಾಗುತ್ತದೆ.

ಮುಂದಿನ ಹೆಜ್ಜೆಯಿಟ್ಟವನು ಹಾನ್ಸ್ ಸೆಲ್ಯೆ. ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಅವನು ಹೊಸ ಹಾರ್ಮೋನೊಂದನ್ನು ಹುಡುಕುತ್ತಿದ್ದ. ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಮೂರು ಬದಲಾವಣೆಗಳು ಕಂಡವು. ಅಡ್ರಿನಲ್ ಗ್ರಂಥಿಗಳು ಊದಿಕೊಂಡವು, ಥೈಮಸ್ ಎಂಬ ಎದೆಯ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಬೇರೆ ಅಂಗಗಳ ಸಾರವನ್ನು ಚುಚ್ಚಿದರೂ ಅದೇ ಫಲ. ಕೊನೆಗೆ ಬರಿಯ ಫಾರ್ಮಲಿನ್ ಚುಚ್ಚಿದರೂ ಅದೇ! ಚಳಿ, ಗಾಯ, ಅತಿಯಾದ ದುಡಿಮೆ ಯಾವುದರಿಂದಾದರೂ ಈ ಮೂರೂ ತೋರಿಬಂದವು. ತಾನು ಕಂಡದ್ದು ಹೊಸ ಹಾರ್ಮೋನಲ್ಲ, ಹಿಂಸೆಗೆ ದೇಹ ಕೊಡುವ ಸಾಮಾನ್ಯ ಉತ್ತರ ಎಂದು ಸೆಲ್ಯೆ ಅರಿತ. ೧೯೩೬ರ ಜುಲೈ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದೇ ಪುಟದಲ್ಲಿ ಅಚ್ಚಾದ ಈ ವಿಚಾರ ಮುಂದೆ ‘ಸ್ಟ್ರೆಸ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಕನ್ನಡದಲ್ಲಿ ನಾವು ‘ಒತ್ತಡ’ ಎನ್ನುತ್ತೇವೆ.

ಈ ಮೂರು ಲಕ್ಷಣಗಳಲ್ಲಿ ಎರಡನೆಯದನ್ನು ಮರೆಯಬಾರದು. ಥೈಮಸ್ ಗ್ರಂಥಿ ರೋಗಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ತರಬೇತಿಯ ಮನೆ. ಸೆಲ್ಯೆಯ ಕಾಲಕ್ಕೆ ಆ ಸಂಗತಿ ಗೊತ್ತಿರಲಿಲ್ಲ. ಅದು ಸ್ಪಷ್ಟವಾದದ್ದು ೧೯೬೦ರ ದಶಕದಲ್ಲಿ. ಒತ್ತಡಕ್ಕೂ ರೋಗನಿರೋಧಕ ಶಕ್ತಿಗೂ ನಂಟಿದೆಯೆಂಬುದು ಹೀಗೆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ಬಿಚ್ಚಿಕೊಂಡದ್ದು ತಡವಾಗಿ. ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಬರುವ ರಸಗಳ ಶಕ್ತಿ ಗೊತ್ತಾದದ್ದು ಕೀಲುವಾತದ ರೋಗಿಗಳಿಂದ. ೧೯೪೮ರಲ್ಲಿ ಹೆಂಚ್ ಎಂಬ ವೈದ್ಯ ಅಂಥ ಒಬ್ಬ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೀಲುಗಳ ಊತ ಬೆರಗಾಗುವಂತೆ ಇಳಿಯಿತು. ೧೯೫೦ರಲ್ಲಿ ಅವನಿಗೂ ಕೆಂಡಲ್, ರೈಖ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಊತವನ್ನು ಇಳಿಸುವ ಈ ವಸ್ತು ದೇಹದ ಕಾವಲುಪಡೆಯನ್ನೂ ಸುಮ್ಮನಾಗಿಸುತ್ತದೆ. ಒತ್ತಡದ ಗಳಿಗೆಯಲ್ಲಿ ಇದೇ ಕುಲದ ಕಾರ್ಟಿಸೋಲ್ ನಮ್ಮ ದೇಹದಲ್ಲಿ ತಾನಾಗಿಯೇ ಏರುತ್ತದೆ. ಮೆದುಳಿನ ಹೈಪೊಥಲಮಸ್ಸಿನಿಂದ ಪಿಟ್ಯುಟರಿ ಗ್ರಂಥಿಗೆ ಆಜ್ಞೆ. ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್ಲಿಗೆ ಆಜ್ಞೆ. ಅಡ್ರಿನಲ್ಲಿನಿಂದ ರಕ್ತಕ್ಕೆ ಕಾರ್ಟಿಸೋಲ್. ನೋವು ಹೀಗೆ ರಕ್ತದಲ್ಲಿ ತನ್ನ ಸಹಿ ಹಾಕುತ್ತದೆ. ಆ ಸಹಿಯನ್ನು ಓದುವ ರೀತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಯೋಗಶಾಲೆಗಳಿಗೆ ಕರಗತವಾಯಿತು.

ಆಗ ಹಂದಿಮರಿಯ ಸರದಿ ಬಂತು. ೧೯೮೮ರಿಂದೀಚೆಗೆ ಅಮೆರಿಕದ ಮಗ್ಲೋನ್, ಕೆನಡಾದ ವೀಯರಿ, ಫ್ರಾನ್ಸಿನ ಪ್ರುನಿಯೆ ಮೊದಲಾದವರೂ ಅವರ ಸಹೋದ್ಯೋಗಿಗಳೂ ಈ ಪ್ರಶ್ನೆಯನ್ನು ಎತ್ತಿಕೊಂಡರು. ಅವರ ವಿಧಾನದಲ್ಲಿ ಒಂದು ನ್ಯಾಯವಿತ್ತು. ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಎತ್ತಿ ಹಿಡಿದರೇ ಅದು ಚೀರುತ್ತದೆ. ಕತ್ತಿಯ ಪಾಲೆಷ್ಟು, ಹಿಡಿತದ ಪಾಲೆಷ್ಟು ಎಂದು ತಿಳಿಯಲು ಕೆಲವು ಮರಿಗಳ ಬೀಜ ತೆಗೆದರು. ಇನ್ನು ಕೆಲವನ್ನು ಅಷ್ಟೇ ಹೊತ್ತು, ಹಾಗೆಯೇ ಹಿಡಿದು, ಗಾಯಮಾಡದೆ ಬಿಟ್ಟರು. ಎರಡರ ನಡುವಿನ ವ್ಯತ್ಯಾಸವೇ ಕತ್ತಿಯ ಪಾಲು.

ಮೊದಲು ಕೂಗನ್ನೇ ಅಳೆದರು. ಎರಡೂ ಗುಂಪಿನ ಮರಿಗಳು ಚೀರಿದವು. ಆದರೆ ಗಾಯವಾದ ಮರಿಗಳಲ್ಲಿ ಸೆಕೆಂಡಿಗೆ ಸಾವಿರಕ್ಕೂ ಮೀರಿದ ಕಂಪನಗಳಿರುವ ತಾರಸ್ವರದ ಚೀರುಗಳು ಹೆಚ್ಚಾಗಿದ್ದವು. ಅಂಥ ಚೀರು ಅತಿ ಹೆಚ್ಚಾಗಿ ಬಂದದ್ದು ಚರ್ಮ ಸೀಳುವಾಗಲ್ಲ, ವೃಷಣದ ನಾಳವನ್ನು ಎಳೆದು ಕತ್ತರಿಸುವಾಗ ಎಂದು ೨೦೦೦ದಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ತೋರಿಸಿತು. ಇಷ್ಟು ದಿನ ಬರಿಯ ಗದ್ದಲವೆಂದು ತಳ್ಳಿಹಾಕಿದ್ದ ಕೂಗಿನಲ್ಲಿ ಒಂದು ವ್ಯಾಕರಣವೇ ಅಡಗಿತ್ತು.

ಆಮೇಲೆ ರಕ್ತ. ಫ್ರಾನ್ಸಿನ ಸಂಶೋಧಕರು ೨೦೦೫ರಲ್ಲಿ ಪ್ರಕಟಿಸಿದಂತೆ, ಬೀಜ ತೆಗೆದ ಐದು ನಿಮಿಷದೊಳಗೆ ಎಸಿಟಿಎಚ್ ಏರಿ ಒಂದು ಗಂಟೆಯವರೆಗೂ ಮೇಲೆಯೇ ಉಳಿಯಿತು. ಕಾರ್ಟಿಸೋಲ್ ಹದಿನೈದನೆಯ ನಿಮಿಷದಿಂದ ತೊಂಬತ್ತನೆಯ ನಿಮಿಷದವರೆಗೆ ಎತ್ತರದಲ್ಲಿತ್ತು. ಸ್ನಾಯುಗಳು ತಮ್ಮ ಸಕ್ಕರೆಯನ್ನು ಅವಸರದಿಂದ ಉರಿಸಿದ್ದಕ್ಕೆ ಗುರುತಾದ ಲ್ಯಾಕ್ಟೇಟ್ ಮೊದಲ ಅರ್ಧ ಗಂಟೆ ಹೆಚ್ಚಿತ್ತು. ಒಂದು ನಿಮಿಷದೊಳಗೆ ಮುಗಿದ ಕೆಲಸದ ಪ್ರತಿಧ್ವನಿ ಒಂದೂವರೆ ಗಂಟೆ ರಕ್ತದಲ್ಲಿ ಮೊಳಗುತ್ತಿತ್ತು.

ಮೂರನೆಯದಾಗಿ ನಡವಳಿಕೆ. ಗಾಯವಾದ ಮರಿಗಳು ಮೊದಲ ಕೆಲವು ಗಂಟೆ ತಾಯಿಯ ಮೊಲೆಯ ಬಳಿಗೆ ಹೋಗುವುದನ್ನು ಕಡಿಮೆಮಾಡಿದವು. ನಡುಗಿದವು, ಮೈ ಬಿಗಿಹಿಡಿದು ಒಂಟಿಯಾಗಿ ಮಲಗಿದವು. ಹಿಂಭಾಗವನ್ನು ನೆಲಕ್ಕೆ ಉಜ್ಜುವುದು, ಬಾಲವನ್ನು ಆಡಿಸುತ್ತಲೇ ಇರುವುದು ನಾಲ್ಕು ದಿನಗಳವರೆಗೂ ಕಂಡುಬಂತು. ‘ಒಂದು ಗಳಿಗೆಯ ನೋವು’ ಎಂಬ ಸಮಾಧಾನದ ಮಾತು ಅಲ್ಲಿಗೆ ಸುಳ್ಳಾಯಿತು.

ಎಳೆಯ ಮರಿಗೆ ನೋವು ಕಡಿಮೆ ಎಂಬ ಹಳೆಯ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು. ಮೂರು, ಹತ್ತು, ಹದಿನೇಳು ದಿನಗಳ ಮರಿಗಳನ್ನು ಹೋಲಿಸಿ ನೋಡಿದ ಕೆನಡಾದ ಅಧ್ಯಯನ ೨೦೦೧ರಲ್ಲಿ ಪ್ರಕಟವಾಯಿತು. ಮೂರು ದಿನದ ಮರಿಯ ನೋವು ಹದಿನೇಳು ದಿನದ್ದರ ನೋವಿಗಿಂತ ಕಡಿಮೆಯೆಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ.

ರೋಗನಿರೋಧಕ ಶಕ್ತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮನುಷ್ಯಶಿಶು ತಾಯಿಯ ಗರ್ಭದಲ್ಲಿರುವಾಗಲೇ ಅವಳ ರಕ್ತದಿಂದ ಪ್ರತಿಕಾಯಗಳನ್ನು ಪಡೆದು ಹುಟ್ಟುತ್ತದೆ. ಹಂದಿಮರಿಗೆ ಆ ಭಾಗ್ಯವಿಲ್ಲ. ತಾಯಿಹಂದಿಯ ಮಾಸು ಪ್ರತಿಕಾಯಗಳನ್ನು ದಾಟಗೊಡುವುದಿಲ್ಲ. ಮರಿ ಹುಟ್ಟುವಾಗ ರಕ್ಷಣೆಯ ದೃಷ್ಟಿಯಿಂದ ಬಹುಮಟ್ಟಿಗೆ ಬರಿಗೈಯದು; ಮೊದಲ ದಿನದ ಗಿಣ್ಣುಹಾಲೇ ಅದರ ಕವಚ. ಹುಟ್ಟಿದ ಸುಮಾರು ಒಂದು ಒಂದೂವರೆ ದಿನದೊಳಗೆ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೀಗೆ ಸಾಲ ತಂದ ಕವಚ ವಾರಗಳು ಕಳೆದಂತೆ ಸವೆಯುತ್ತದೆ. ಸ್ವಂತ ಶಕ್ತಿ ನಿಧಾನವಾಗಿ ಬಲಿಯುತ್ತದೆ. ಕತ್ತಿ ಬೀಳುವುದು ಈ ನಡುಗಾಲದಲ್ಲಿ. ಗಾಯ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಅದೇ ಹೊತ್ತಿಗೆ ಏರಿದ ಕಾರ್ಟಿಸೋಲ್ ಲಿಂಫೊಸೈಟ್ ಎಂಬ ಬಿಳಿಯ ಕಣಗಳನ್ನು ರಕ್ತಪ್ರವಾಹದಿಂದ ಬೇರೆಡೆಗೆ ಸರಿಸುತ್ತದೆ. ಮೊದಲ ಸಾಲಿನ ಕಾಲಾಳುಗಳಾದ ನ್ಯೂಟ್ರೊಫಿಲ್ ಕಣಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಬೇರೆ ಬೇರೆ ವಯಸ್ಸಿನಲ್ಲಿ ಬೀಜ ತೆಗೆದ ಮರಿಗಳ ಪ್ರತಿಕಾಯಗಳನ್ನೂ ರಕ್ಷಕಕಣಗಳನ್ನೂ ಪರೀಕ್ಷಿಸಿದ ಅಧ್ಯಯನ ೨೦೦೨ರಲ್ಲಿ ಕೆನಡಾದಿಂದಲೇ ಬಂತು. ಒಂದೆರಡು ಗಂಟೆಯ ಒತ್ತಡ ಆರೋಗ್ಯವಂತ ಮರಿಯ ಕೋಟೆಯನ್ನು ಕೆಡವಿಬಿಡುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಮರಿಯ ಬಾಳಿನಲ್ಲಿ ಒತ್ತಡ ಒಂಟಿಯಾಗಿ ಬರುವುದಿಲ್ಲ. ಹಲ್ಲು ಮೊಂಡುಮಾಡುವುದು, ಬಾಲ ಕತ್ತರಿಸುವುದು, ಬೀಜ ತೆಗೆಯುವುದು, ಕೆಲವೇ ವಾರಗಳಲ್ಲಿ ತಾಯಿಯಿಂದ ಅಗಲಿಸುವುದು, ಅಪರಿಚಿತ ಮರಿಗಳ ಜೊತೆ ಕೂಡಿಹಾಕುವುದು. ಒಂದರ ಮೇಲೊಂದು ಹೊರೆ.

ಇದು ಹಂದಿಯ ವಿಷಯ ಮಾತ್ರವೆಂದು ಯಾರಾದರೂ ಭಾವಿಸಿದರೆ ಅವರಿಗೆ ಇನ್ನೊಂದು ಚರಿತ್ರೆಯನ್ನು ನೆನಪಿಸಬೇಕು. ಎಳೆಯ ಜೀವಕ್ಕೆ ನೋವು ತಿಳಿಯದೆಂಬ ನಂಬಿಕೆ ಕೊಟ್ಟಿಗೆಯಲ್ಲಿ ಮಾತ್ರವಲ್ಲ, ಆಸ್ಪತ್ರೆಯಲ್ಲಿಯೂ ಇತ್ತು. ೧೯೮೦ರ ದಶಕದವರೆಗೂ ಪಶ್ಚಿಮದ ದೊಡ್ಡ ಆಸ್ಪತ್ರೆಗಳಲ್ಲಿಯೇ ಎಷ್ಟೋ ನವಜಾತ ಶಿಶುಗಳಿಗೆ, ಅದರಲ್ಲಿಯೂ ದಿನತುಂಬದೆ ಹುಟ್ಟಿದವಕ್ಕೆ, ಅತ್ಯಲ್ಪ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಟ್ಟಿರುತ್ತಿದ್ದುದರಿಂದ ಮಗು ಅಲುಗಾಡುತ್ತಿರಲಿಲ್ಲ, ಕೂಗುವಂತೆಯೂ ಇರಲಿಲ್ಲ. ಈ ಮೌನವನ್ನು ಮುರಿದವರಲ್ಲಿ ಪ್ರಮುಖರು ನಮ್ಮ ದೇಶದವರೇ ಆದ ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ ಆಕ್ಸ್‌ಫರ್ಡಿಗೆ ಹೋದ ಅವರು, ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾಗುವ ಅಕಾಲ ಶಿಶುಗಳಲ್ಲಿ ಒಂದು ಗುಂಪಿಗೆ ರೂಢಿಯಂತೆ, ಇನ್ನೊಂದಕ್ಕೆ ಫೆಂಟನಿಲ್ ಎಂಬ ಬಲವಾದ ನೋವುಶಮನಕಾರಿಯನ್ನೂ ಸೇರಿಸಿ ಕೊಟ್ಟು ರಕ್ತ ಪರೀಕ್ಷಿಸಿದರು. ಮದ್ದು ದೊರೆತ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳು ಅಷ್ಟು ಏರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಾದವು. ೧೯೮೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಶಿಶುವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಸಲ್ಲಬೇಕೆಂದು ಹೇಳಿತು. ತಾಯಿಯಾದವಳಿಗೆ ಯಾವತ್ತೂ ಗೊತ್ತಿದ್ದ ಸಂಗತಿ ವೈದ್ಯಶಾಸ್ತ್ರಕ್ಕೆ ಗೊತ್ತಾಗಲು ರಕ್ತದ ಸಾಕ್ಷಿ ಬೇಕಾಯಿತು.

ಶಿಶುವಿಗಾಗಿ ವೈದ್ಯರು ಬೇಗ ಬದಲಾದರು. ಮರಿಯ ವಿಷಯದಲ್ಲಿ ಕಾನೂನಿನ ನಡೆ ನಿಧಾನ. ರೂತ್ ಹ್ಯಾರಿಸನ್ ಎಂಬ ಇಂಗ್ಲೆಂಡಿನ ಮಹಿಳೆ ಯಂತ್ರದಂತೆ ಪ್ರಾಣಿಗಳನ್ನು ಸಾಕುವ ಪದ್ಧತಿಯನ್ನು ಕುರಿತು ೧೯೬೪ರಲ್ಲಿ ಬರೆದ ಪುಸ್ತಕ, ಮರುವರ್ಷ ಹೊರಬಂದ ಬ್ರಾಂಬೆಲ್ ಸಮಿತಿಯ ವರದಿ, ಇವು ನೆಲವನ್ನು ಹದಮಾಡಿದ್ದವು. ನಾರ್ವೆ ೨೦೦೨ರಲ್ಲಿ ಅರಿವಳಿಕೆಯನ್ನು ಕಡ್ಡಾಯಮಾಡಿತು. ಯುರೋಪಿನ ಒಕ್ಕೂಟ ೨೦೦೧ರಲ್ಲಿ ಹೊರಡಿಸಿದ ನಿರ್ದೇಶ ಏಳು ದಿನ ದಾಟಿದ ಮರಿಗಳಿಗೆ ಮಾತ್ರ ಅರಿವಳಿಕೆಯೂ ಪಶುವೈದ್ಯನೂ ಬೇಕೆಂದಿತು. ಏಳು ದಿನದೊಳಗಿನ ಮರಿಗೆ ಏನೂ ಬೇಡ. ಎಳೆಯ ಮರಿಗೆ ನೋವು ಕಡಿಮೆಯೆಂಬುದಕ್ಕೆ ಆಧಾರವಿಲ್ಲವೆಂಬ ಅಧ್ಯಯನ ಅಚ್ಚಾದ ವರ್ಷವೂ ೨೦೦೧ ಎಂಬುದನ್ನು ನೆನೆಯಿರಿ. ವಿಜ್ಞಾನ ಅಳಿಸಿದ ಗೆರೆಯನ್ನು ಕಾನೂನು ಅದೇ ವರ್ಷ ಎಳೆಯಿತು.

ಮುಂದೆ ಸ್ವಿಟ್ಜರ್ಲೆಂಡ್ ೨೦೧೦ರಿಂದ ಅರಿವಳಿಕೆಯಿಲ್ಲದ ಬೀಜ ತೆಗೆತವನ್ನು ನಿಷೇಧಿಸಿತು. ಸ್ವೀಡನ್ ೨೦೧೬ರಿಂದ ಅರಿವಳಿಕೆಯನ್ನು ಕಡ್ಡಾಯಮಾಡಿತು. ೨೦೧೦ರಲ್ಲಿ ಬ್ರಸೆಲ್ಸಿನಲ್ಲಿ ರೈತಸಂಘಗಳು, ಮಾಂಸೋದ್ಯಮ, ವ್ಯಾಪಾರಿಗಳು, ಪ್ರಾಣಿದಯಾ ಸಂಘಗಳು ಕೂಡಿ ೨೦೧೮ರ ಹೊತ್ತಿಗೆ ಶಸ್ತ್ರದಿಂದ ಬೀಜ ತೆಗೆಯುವುದನ್ನೇ ಕೈಬಿಡುವುದಾಗಿ ಘೋಷಿಸಿದವು. ಘೋಷಣೆ ಸ್ವಯಂಪ್ರೇರಿತವಾದದ್ದು, ಗಡುವು ಬಂತು, ಹೋಯಿತು, ಪದ್ಧತಿ ಉಳಿಯಿತು. ಜರ್ಮನಿ ೨೦೧೩ರಲ್ಲಿಯೇ ಕಾನೂನು ಮಾಡಿ ೨೦೧೯ರಿಂದ ಜಾರಿಯೆಂದಿತ್ತು. ಕೊನೆಯ ಗಳಿಗೆಯಲ್ಲಿ ಎರಡು ವರ್ಷ ಮುಂದೂಡಿ ೨೦೨೧ರಿಂದ ಜಾರಿಗೆ ತಂದಿತು. ಫ್ರಾನ್ಸ್ ೨೦೨೨ರಿಂದ ಆ ಹಾದಿ ಹಿಡಿಯಿತು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಮಾತ್ರ ಈ ಪದ್ಧತಿಯನ್ನು ಬಹುಮಟ್ಟಿಗೆ ಬಿಟ್ಟು ಬಹಳ ಕಾಲವಾಗಿದೆ; ಅಲ್ಲಿ ನಾತ ಹುಟ್ಟುವ ಪ್ರಾಯಕ್ಕೆ ಮೊದಲೇ ಹಂದಿಯನ್ನು ಮಾಂಸಕ್ಕೆ ಕಳುಹಿಸುತ್ತಾರೆ.

ಶಸ್ತ್ರವನ್ನೇ ಬಿಡುವ ಇನ್ನೊಂದು ದಾರಿಯೂ ದೊರೆತಿದೆ. ೧೯೯೮ರಲ್ಲಿ ಆಸ್ಟ್ರೇಲಿಯದಲ್ಲಿ ಬಳಕೆಗೆ ಬಂದು, ೨೦೦೯ರಲ್ಲಿ ಯುರೋಪಿನ ಒಪ್ಪಿಗೆ ಪಡೆದ ಇಂಪ್ರೊವ್ಯಾಕ್ ಎಂಬ ಲಸಿಕೆ ಅದು. ವೃಷಣಕ್ಕೆ ಕೆಲಸಮಾಡೆಂದು ಹೇಳುವ ಸಂದೇಶ ಮೆದುಳಿನಿಂದ ಹೊರಡುತ್ತದಷ್ಟೆ. ಆ ಸಂದೇಶವಾಹಕ ಹಾರ್ಮೋನಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವಂತೆ ಲಸಿಕೆ ಹಂದಿಯ ದೇಹವನ್ನು ಪ್ರೇರಿಸುತ್ತದೆ. ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಎರಡನೆಯದಾದ ಮೇಲೆ ವೃಷಣ ತಾನಾಗಿ ಸುಮ್ಮನಾಗುತ್ತದೆ, ನಾತವೂ ಇಳಿಯುತ್ತದೆ. ಕತ್ತಿಯ ಗಾಯದಿಂದ ಹೊರೆ ಹೊರುತ್ತಿದ್ದ ಅದೇ ರೋಗನಿರೋಧಕ ಶಕ್ತಿಯೇ ಇಲ್ಲಿ ಕತ್ತಿಯ ಕೆಲಸವನ್ನು ಗಾಯವಿಲ್ಲದೆ ಮಾಡುತ್ತದೆ. ಆದರೂ ಈ ಲಸಿಕೆ ಯುರೋಪಿನಲ್ಲಿ ಎಣಿಸಿದಷ್ಟು ಹರಡಲಿಲ್ಲ. ಇಂಥ ಮಾಂಸವನ್ನು ಕೊಳ್ಳುವವರು ಒಪ್ಪುವರೋ ಇಲ್ಲವೋ ಎಂದು ಮಾರುವವರು ಹಿಂಜರಿದರು.

ನಮ್ಮ ದೇಶದಲ್ಲಿ ೨೦೧೯ರ ಜಾನುವಾರು ಗಣತಿಯ ಪ್ರಕಾರ ಸುಮಾರು ೯೦ ಲಕ್ಷ ಹಂದಿಗಳಿದ್ದವು. ಅತಿ ಹೆಚ್ಚು ಅಸ್ಸಾಮಿನಲ್ಲಿ. ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ನಮ್ಮ ಕಾನೂನು ಬೀಜ ತೆಗೆಯುವುದನ್ನು ‘ಗೊತ್ತುಪಡಿಸಿದ ರೀತಿಯಲ್ಲಿ’ ಮಾಡಿದರೆ ಹಿಂಸೆಯಲ್ಲವೆಂದು ಹೊರಗಿಟ್ಟಿದೆ. ಆ ರೀತಿ ಯಾವುದೆಂದು ವಿವರಿಸಿ, ಪಶುವೈದ್ಯನ ಕೈಯನ್ನೂ ಅರಿವಳಿಕೆಯನ್ನೂ ಕೇಳುವ ನಿಯಮಗಳು ಬಂದದ್ದು ೨೦೨೩ರಲ್ಲಿ, ಅರವತ್ತಮೂರು ವರ್ಷಗಳ ಮೇಲೆ. ಅವು ಹಂದಿಗೆ ಹೇಗೋ ಹೋರಿಗೂ ಹಾಗೆಯೇ ಅನ್ವಯಿಸುತ್ತವೆ. ನಿಯಮ ಕಾಗದದಿಂದ ಇಳಿದು ಹಳ್ಳಿಯ ಕೊಟ್ಟಿಗೆಯನ್ನು ತಲುಪುವುದು ಇನ್ನು ಮುಂದಿನ ಕೆಲಸ.

ಅಳತೆಯ ಮಹತ್ವವನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಕಾರ್ಟಿಸೋಲ್ ನೋವಲ್ಲ, ನೋವಿನ ಒಂದು ಗುರುತು ಮಾತ್ರ. ಓಡಿದರೂ ಅದು ಏರುತ್ತದೆ, ಬೆದೆಯ ಉತ್ಸಾಹದಲ್ಲಿಯೂ ಏರುತ್ತದೆ. ಫ್ರಾನ್ಸಿನ ಆ ಪ್ರಯೋಗದಲ್ಲಿಯೇ ಬಾಲ ಕತ್ತರಿಸಿದ ಮರಿಗಳ ರಕ್ತದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಬಾಲ ಕತ್ತರಿಸಿದರೆ ನೋಯುವುದಿಲ್ಲವೆಂದು ಅದರಿಂದ ತೀರ್ಮಾನಿಸಬಹುದೇ? ಹಾಗೆ ತೀರ್ಮಾನಿಸಿದರೆ ಡೆಕಾರ್ಟನ ಅನುಯಾಯಿಗಳು ಮಾಡಿದ ತಪ್ಪನ್ನೇ ನಾವು ಹೊಸ ಉಪಕರಣ ಹಿಡಿದು ಮಾಡಿದಂತಾಗುತ್ತದೆ. ಅಂಕಿ ಏರಿದಾಗ ಅದು ಸಾಕ್ಷಿ. ಏರದಿದ್ದಾಗ ಅದು ನಿರಪರಾಧದ ತೀರ್ಪಲ್ಲ. ಈ ಸಾಕ್ಷಿಗೆ ತೆತ್ತ ಬೆಲೆಯನ್ನೂ ಮರೆಯಲಾಗದು. ನೋವಿದೆಯೆಂದು ತೋರಿಸುವುದಕ್ಕಾಗಿ ಪ್ರಯೋಗಶಾಲೆಗಳಲ್ಲಿ ಎಷ್ಟೋ ಮರಿಗಳನ್ನು ಅರಿವಳಿಕ��ಯಿಲ್ಲದೆ ಕೊಯ್ಯಬೇಕಾಯಿತು. ಸೆಲ್ಯೆಯ ಇಲಿಗಳೂ ಅದೇ ಲೆಕ್ಕಕ್ಕೆ ಸೇರಿದವು. ಕೂಗನ್ನು ನಂಬುವ ಮನಸ್ಸು ಮೊದಲೇ ಇದ್ದಿದ್ದರೆ ಆ ಪ್ರಯೋಗಗಳಲ್ಲಿ ಹಲವು ಬೇಕಾಗುತ್ತಿರಲಿಲ್ಲ.

‘ವೇದನೆ’ ಅರಿವಿನ ಧಾತುವಿನಿಂದ ಬಂದ ಶಬ್ದವೆಂದೆ. ಆ ಅರಿವು ನೋಯುವ ಜೀವದ ಸ್ವಂತದ್ದು. ಯಾವ ಉಪಕರಣವೂ ಅದನ್ನು ಇಡಿಯಾಗಿ ನಮಗೆ ತಂದುಕೊಡಲಾರದು. ಆದರೆ ಅರಿತವನು ತಾನು ಅರಿಯೆನೆಂದು ನುಣುಚಿಕೊಳ್ಳದಂತೆ ಅದು ತಡೆಯಬಲ್ಲದು. ಹಂದಿಮರಿಯ ರಕ್ತವನ್ನು ಅಳೆದವರು ನಮಗೆ ಹೊಸ ಸಂಗತಿಯೊಂದನ್ನು ಹೇಳಲಿಲ್ಲ. ನಮಗೆ ಕೇಳಿಸಿದ್ದನ್ನು ಕೇಳಿಸಲಿಲ್ಲವೆಂದು ಹೇಳುವ ಅವಕಾಶವನ್ನು ಮಾತ್ರ ಅವರು ಇಲ್ಲದಂತೆ ಮಾಡಿದ್ದಾರೆ.